ಏರ್ ಇನ್‌ಟೇಕ್: ದುಡ್ಡು ಕೊಡುವುದು ಪೈಪಿಗಲ್ಲ, ಸೆನ್ಸರ್ ಕೂರುವ ಜಾಗಕ್ಕೆ

ನಮ್ಮ ಗ್ಯಾರೇಜಿಗೆ ಬರುವ ಹುಡುಗರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: "ಅಣ್ಣ, ಕೆ ಆಂಡ್ ಎನ್ ಕಿಟ್ ತರಿಸಲೋ ಅಥವಾ ಪೀಣ್ಯದಲ್ಲಿ ಪೈಪ್ ಮಾಡಿಸಲೋ?" ಎಂಜಿನ್‌ಗೆ ಗಾಳಿ ತರುವ ಫಿಲ್ಟರ್ ಮತ್ತು ಕೊಳವೆಯನ್ನು, ಅಂದರೆ ಏರ್ ಇನ್‌ಟೇಕನ್ನು, ಬದಲಿಸುವ ಮಾತು ಇದು; ಕೆ ಆಂಡ್ ಎನ್ ಎಂಬುದು ಅಂಥ ಕಿಟ್ ಮಾಡುವ ಅಮೆರಿಕದ ಕಂಪನಿ. ಬಾನೆಟ್ ಎತ್ತದೆ ನಾನು ಇದಕ್ಕೆ ಉತ್ತರ ಕೊಡುವುದಿಲ್ಲ. ಏರ್ ಫಿಲ್ಟರ್ ಡಬ್ಬಿಯಿಂದ ಹೊರಟ ಕೊಳವೆಯಲ್ಲಿ ವೈರ್ ಸಿಕ್ಕಿಸಿದ ಸೆನ್ಸರ್ ಇದೆಯೇ, ಇದ್ದರೆ ಅದು ಏನನ್ನು ಅಳೆಯುತ್ತದೆ ಎಂಬುದು ಗೊತ್ತಾದ ಮೇಲೆ ಅರ್ಧ ತೀರ್ಮಾನ ತಾನಾಗಿಯೇ ಆಗಿಬಿಡುತ್ತದೆ.

ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಎಂಬುದನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿಳಿದುಕೊಳ್ಳಲು ಮುಖ್ಯವಾಗಿ ಎರಡು ದಾರಿಗಳಿವೆ. ಕೆಲವು ಕಾರುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕವಲು ಕೊಳವೆ) ಒಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರ್ ನೋಡುತ್ತದೆ. ಒತ್ತಡ, ಗಾಳಿಯ ಉಷ್ಣತೆ ಮತ್ತು ಎಂಜಿನ್ ವೇಗ ಸೇರಿಸಿ ಇಸಿಯು ಲೆಕ್ಕ ಹಾಕುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಫಿಲ್ಟರ್ ದಾಟಿದ ಕೂಡಲೇ ಮಾಫ್ ಸೆನ್ಸರ್ ಇರುತ್ತದೆ. ಅದರೊಳಗಿನ ಬಿಸಿ ತಂತಿಯನ್ನೋ ಬಿಸಿ ಪದರವನ್ನೋ ಹರಿಯುವ ಗಾಳಿ ತಣಿಸುತ್ತದೆ, ಎಷ್ಟು ತಣಿಸಿತು ಎಂಬುದೇ ಗಾಳಿಯ ಅಳತೆ. ಆದರೆ ಆ ಸೆನ್ಸರ್ ನೋಡುವುದು ಕೊಳವೆಯಲ್ಲಿ ತನ್ನ ಮುಂದೆ ಹಾದುಹೋದ ಗಾಳಿಯನ್ನಷ್ಟೇ. ಕೊಳವೆಯ ಒಳವ್ಯಾಸ ಇಷ್ಟೇ ಎಂದು ನಂಬಿಕೊಂಡು ಇಸಿಯು ಉಳಿದುದನ್ನು ಗುಣಿಸಿಕೊಳ್ಳುತ್ತದೆ. ವ್ಯಾಸ ಬದಲಾದರೆ ಆ ನಂಬಿಕೆಯೇ ತಪ್ಪಾಗುತ್ತದೆ.

ಇದನ್ನು ನಾನು ಚೆನ್ನಾಗಿ ಕಲಿತದ್ದು ಒಂದು ಸ್ವಿಫ್ಟ್ ಡೀಸೆಲ್‌ನಿಂದ, 1248 ಸಿಸಿಯ ಮಲ್ಟಿಜೆಟ್ ಎಂಜಿನ್ ಇದ್ದ ಗಾಡಿ. ಬೇರೆಲ್ಲೋ ಅಲ್ಯೂಮಿನಿಯಂ ಪೈಪ್ ಮಾಡಿಸಿ, ತುದಿಗೆ ದೊಡ್ಡ ಕೋನ್ ಫಿಲ್ಟರ್ ಹಾಕಿಸಿಕೊಂಡು ಬಂದಿದ್ದರು. ಕೆಲಸ ನೋಡಲು ಸೊಗಸಾಗಿತ್ತು, ಆರ್ಗಾನ್ ವೆಲ್ಡಿಂಗ್ ಒಂದು ಗೆರೆ ಕೂಡ ಡೊಂಕಾಗಿರಲಿಲ್ಲ. "ಟರ್ಬೊ ಶಬ್ದ ಚೆನ್ನಾಗಿ ಕೇಳುತ್ತಿದೆ, ಆದರೆ ಪಿಕಪ್ ಎಲ್ಲಿ ಹೋಯಿತು ಅಣ್ಣ?" ಎಂದು ಕೇಳಿದರು ಗಾಡಿಯ ಯಜಮಾನರು. ಪೈಪಿನ ಒಳವ್ಯಾಸ ಕಂಪನಿಯದಕ್ಕಿಂತ ದೊಡ್ಡದಿತ್ತು. ಲೆಕ್ಕಕ್ಕೆ 60 ಮಿ.ಮೀ. ಇದ್ದದ್ದು 66 ಆಯಿತು ಎಂದುಕೊಳ್ಳಿ. ವ್ಯಾಸ ಶೇಕಡಾ 10ರಷ್ಟು ಹೆಚ್ಚಿದರೆ ಒಳಗಿನ ವಿಸ್ತೀರ್ಣ ಶೇಕಡಾ 21ರಷ್ಟು ಹೆಚ್ಚುತ್ತದೆ. ಅಷ್ಟೇ ಗಾಳಿ ಹರಿದರೂ ಸೆನ್ಸರ್ ಮುಂದೆ ಅದರ ವೇಗ ಸುಮಾರು ಶೇಕಡಾ 17ರಷ್ಟು ಇಳಿಯುತ್ತದೆ. ಗಾಳಿ ಕಡಿಮೆ ಬರುತ್ತಿದೆ ಎಂದು ತಿಳಿದ ಇಸಿಯು, ಕಪ್ಪು ಹೊಗೆ ಬಾರದಿರಲೆಂದು ಡೀಸೆಲ್ ಕಡಿಮೆ ಮಾಡುತ್ತದೆ. ಗಾಳಿಯ ದಾರಿ ಅಗಲವಾಯಿತು, ಶಕ್ತಿ ಕುಗ್ಗಿತು.

ಮಾಫ್ ಇರುವ ಪೆಟ್ರೋಲ್ ಕಾರಿನಲ್ಲಿ ಇದೇ ತಪ್ಪು ಬೇರೆ ರೂಪದಲ್ಲಿ ಕಾಣುತ್ತದೆ. ಸಾಮಾನ್ಯ ಓಟದಲ್ಲಿ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕೊರತೆಯನ್ನು ಹಿಡಿಯುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತಾ ಹೋಗುತ್ತದೆ. ಸ್ಕ್ಯಾನರ್ ಹಾಕಿದರೆ ಫ್ಯೂಯಲ್ ಟ್ರಿಮ್ (ಇಸಿಯು ಮಾಡುವ ಇಂಧನದ ತಿದ್ದುಪಡಿ) ಏರಿರುವುದು ಕಾಣುತ್ತದೆ, ಮಿತಿ ಮೀರಿದರೆ ಪಿ0171 ಕೋಡ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂಬ ದೋಷಸೂಚನೆ) ಬಂದು ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಆ ಕೋಡ್ ಅಳಿಸಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲದ ಕೆಲಸ. ಆಕ್ಸಿಲರೇಟರ್ ಪೂರ್ತಿ ಒತ್ತಿ ಏರುಗಳಲ್ಲಿ ಎಳೆಯುವಾಗ ಮಿಶ್ರಣ ತೆಳುವಾಗಿ ಎಂಜಿನ್ ನಾಕ್ ಆಗತೊಡಗಿದರೆ (ಮಿಶ್ರಣ ಹಿಡಿತ ತಪ್ಪಿ ಸಿಡಿಯತೊಡಗಿದರೆ) ಪಿಸ್ಟನ್‌ಗೇ ಪೆಟ್ಟು.

ಹೆಸರಿರುವ ಕಂಪನಿಯ ಕಿಟ್‌ಗೆ ಹತ್ತಾರು ಸಾವಿರ ಕೊಡುವುದು ಇದಕ್ಕಾಗಿ. ಆ ಕಾರಿಗೆಂದೇ ಮಾಡಿದ ಒಳ್ಳೆಯ ಕಿಟ್‌ನಲ್ಲಿ ಸೆನ್ಸರ್ ಕೂರುವ ಜಾಗದ ಒಳವ್ಯಾಸ, ಸೆನ್ಸರ್ ಎಷ್ಟು ಆಳಕ್ಕೆ ಇಳಿಯಬೇಕು, ಯಾವ ದಿಕ್ಕಿಗೆ ಮುಖ ಮಾಡಬೇಕು, ಅದಕ್ಕೂ ಮುಂಚೆ ಎಷ್ಟು ಉದ್ದ ನೇರ ಪೈಪ್ ಇರಬೇಕು ಎಂಬುದನ್ನೆಲ್ಲ ಇಸಿಯು ಲೆಕ್ಕಕ್ಕೆ ಹೊಂದುವಂತೆ ಪರೀಕ್ಷಿಸಿ ನಿಗದಿ ಮಾಡಿರುತ್ತಾರೆ. ಬೆಂಡ್ ಮುಗಿದ ಕೂಡಲೇ ಸೆನ್ಸರ್ ಕೂರಿಸಿದರೆ ಗಾಳಿ ಒಂದು ಬದಿಗೆ ಒತ್ತಿಕೊಂಡು ಹರಿಯುತ್ತದೆ, ಅಳತೆ ನಡುಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಿಟ್ ಮಾರಬೇಕಾದರೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯಿಂದ ಮಾಲಿನ್ಯ ನಿಯಮದಡಿ ಕಾರಿನ ಮಾದರಿಗೆ ತಕ್ಕಂತೆ ವಿನಾಯಿತಿ ಸಂಖ್ಯೆ ಪಡೆಯಬೇಕು. 1969ರಲ್ಲಿ ಅದೇ ರಾಜ್ಯದ ರಿವರ್‌ಸೈಡ್‌ನಲ್ಲಿ ಶುರುವಾದ ಕೆ ಆಂಡ್ ಎನ್‌ನಂಥ ಕಂಪನಿಗಳ ಕಿಟ್‌ಗಳ ಹಿಂದೆ ಈ ಶಿಸ್ತು ಇದೆ. ಆದರೆ ಬೇರೆ ಕಾರಿಗೆ ಮಾಡಿದ ಕಿಟ್ ತಂದು, ಕತ್ತರಿಸಿ, ಹೋಸ್ ಸೇರಿಸಿ ನಮ್ಮ ಕಾರಿಗೆ ಕೂರಿಸಿದರೆ ಆ ಶಿಸ್ತು ಅಲ್ಲಿಗೇ ಮುಗಿಯಿತು. ಆಮೇಲೆ ಅದು ಬ್ರ್ಯಾಂಡ್ ಹೆಸರಿರುವ ಕಸ್ಟಮ್ ಪೈಪ್ ಅಷ್ಟೇ. ಪೆಟ್ಟಿಗೆ ಅಸಲಿಯೇ ಎಂದೂ ನೋಡಿಕೊಳ್ಳಿ, ನಕಲಿ ಫಿಲ್ಟರ್‌ಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ.

ಹಾಗಾದರೆ ಕಸ್ಟಮ್ ಬೇಡವೇ? ಬೇಕು, ಕೆಲವು ಕಾರುಗಳಿಗೆ ಅದೇ ಸರಿ. 2003ಕ್ಕೂ ಹಿಂದಿನ ಹೋಂಡಾ ಸಿಟಿ ವಿಟೆಕ್ ಅನ್ನು ಇಂದಿಗೂ ಜತನದಿಂದ ಇಟ್ಟುಕೊಂಡವರಿದ್ದಾರೆ. ಅದು ಮ್ಯಾಪ್ ಸೆನ್ಸರ್ ಕಾರು. ಕೊಳವೆ ಸ್ವಲ್ಪ ದೊಡ್ಡದಾದರೂ ಇಸಿಯು ಮೋಸಹೋಗುವುದಿಲ್ಲ, ಏಕೆಂದರೆ ಅದು ನೋಡುವುದು ಥ್ರಾಟಲ್ (ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ದಾಟಿದ ಮೇಲಿನ ಒತ್ತಡವನ್ನು. ನೇರವಾಗಿ ಕೂರುವ ಕಿಟ್ ಹುಡುಕುವುದಕ್ಕಿಂತ ಒಳ್ಳೆಯ ಫ್ಯಾಬ್ರಿಕೇಟರ್ ಕೈಯಲ್ಲಿ ಮಾಡಿಸುವುದು ವಾಸಿ. ನಾನು ಮಾಡಿಸುವಾಗ ವೆಲ್ಡಿಂಗ್ ಒಳಮೈಯನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಬ್ರೀದರ್ ಪೈಪಿಗೆ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ತರುವ ಪೈಪ್) ಅದೇ ಅಳತೆಯ ನಳಿಕೆ ಕೊಡಿಸುತ್ತೇನೆ, ಅದನ್ನು ಮುಚ್ಚಿಬಿಟ್ಟರೆ ಆಯಿಲ್ ಸೀಲ್‌ಗಳು ಸೋರತೊಡಗುತ್ತವೆ. ಪೈಪಿಗೆ ಬಾಡಿಯ ಮೇಲೊಂದು ರಬ್ಬರ್ ಬುಷ್ ಇರುವ ಆಧಾರ ಬೇಕು. ಎಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ, ಆಧಾರ ಬಿಗಿಯಾಗಿದ್ದರೆ ವೆಲ್ಡ್ ಬಿರುಕು ಬಿಡುತ್ತದೆ.

ಪೈಪ್ ಅಲ್ಯೂಮಿನಿಯಮ್ಮಿನದೋ ಪ್ಲಾಸ್ಟಿಕ್ಕಿನದೋ ಎಂಬ ವಾದ ಬಹಳ ನಡೆಯುತ್ತದೆ, ನನಗೆ ಅದರಲ್ಲಿ ಹುರುಳು ಕಾಣುವುದಿಲ್ಲ. 1.5 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 75 ಲೀಟರ್ ಗಾಳಿ ಎಳೆಯುತ್ತದೆ. 76 ಮಿ.ಮೀ. ಪೈಪಿನ ಅರ್ಧ ಮೀಟರ್ ಉದ್ದವನ್ನು ಆ ಗಾಳಿ ದಾಟಲು ಒಂದು ಸೆಕೆಂಡಿನ ಸುಮಾರು 33ನೇ ಒಂದು ಭಾಗ ಸಾಕು. ಅಷ್ಟರಲ್ಲಿ ಪೈಪಿನಿಂದ ಅದು ಬಿಸಿಯಾಗುವುದು ಅಲ್ಪ. ಗಾಳಿಯನ್ನು ಎಲ್ಲಿಂದ ಎಳೆಯುತ್ತೇವೆ ಎಂಬುದೇ ದೊಡ್ಡ ವಿಷಯ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಹೊರಗೆ 28 ಡಿಗ್ರಿ ಇರುವಾಗ, ಹೀಟ್ ಶೀಲ್ಡ್ ಇಲ್ಲದೆ ಎಂಜಿನ್ ಪಕ್ಕ ತೆರೆದಿಟ್ಟ ಕೋನ್ ಫಿಲ್ಟರ್ ಮೂಲಕ 55 ಡಿಗ್ರಿ ಗಾಳಿ ಒಳಹೋಗುವುದನ್ನು ಸ್ಕ್ಯಾನರ್‌ನಲ್ಲಿ ನೋಡಿದ್ದೇನೆ. ಅಂಥ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 8ರಷ್ಟು ಕಡಿಮೆ. ಕಂಪನಿಯ ಡಬ್ಬಿ ಹೆಚ್ಚಿನ ಕಾರುಗಳಲ್ಲಿ ಗ್ರಿಲ್ ಹಿಂದಿನಿಂದ ಹೊರಗಾಳಿಯನ್ನೇ ಎಳೆಯುತ್ತದೆ. ಅದನ್ನು ಕಿತ್ತುಹಾಕುವ ಮುನ್ನ ಅದು ನಿಜಕ್ಕೂ ಅಡ್ಡಿಯೇ ಎಂದು ಅಳೆಯಬೇಕು.

ಟರ್ಬೊ ಇಲ್ಲದ ಪೆಟ್ರೋಲ್ ಕಾರಿನಲ್ಲಿ ಅಳೆಯುವ ವಿಧಾನಕ್ಕೆ ಖರ್ಚೇ ಇಲ್ಲ. ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಬಗ್ಗಿಸಿ ಅರ್ಧ ಬಣ್ಣದ ನೀರು ತುಂಬಿ ಹಲಗೆಗೆ ಕಟ್ಟಿ. ಒಂದು ತುದಿಯನ್ನು ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಕೊಳವೆಗೆ ಜೋಡಿಸಿ, ಇನ್ನೊಂದನ್ನು ತೆರೆದಿಡಿ. ಖಾಲಿ ರಸ್ತೆಯಲ್ಲಿ ಒಬ್ಬರು ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಲಿ, ಪಕ್ಕದಲ್ಲಿ ಕುಳಿತವರು ನೀರಿನ ಮಟ್ಟದ ವ್ಯತ್ಯಾಸ ಗುರುತಿಸಲಿ. 10 ಸೆಂ.ಮೀ. ವ್ಯತ್ಯಾಸ ಎಂದರೆ ಸುಮಾರು 1 ಕಿಲೋಪಾಸ್ಕಲ್, ಅಂದರೆ ಗಾಳಿಯ ಒತ್ತಡದಲ್ಲಿ ಹೆಚ್ಚುಕಡಿಮೆ ಶೇಕಡಾ 1. ಫಿಲ್ಟರ್ ತೆಗೆದು ಕ್ಷಣಕಾಲ ಮತ್ತೆ ಓಡಿಸಿ ನೋಡಿದರೆ (ಧೂಳಿಲ್ಲದ ರಸ್ತೆಯಲ್ಲಿ ಮಾತ್ರ) ಅಡ್ಡಿ ಫಿಲ್ಟರಿನದೋ ಡಬ್ಬಿಗೆ ಹೊರಗಾಳಿ ತರುವ ಮುಂದಿನ ಸೊಂಡಿಲಿನದೋ ತಿಳಿಯುತ್ತದೆ. ಹೊಸ ಕಾಗದದ ಫಿಲ್ಟರ್ ಇರುವ ಕಾರುಗಳಲ್ಲಿ ನಾನು ಕಂಡಿರುವ ವ್ಯತ್ಯಾಸಗಳು ಸಣ್ಣವು. ಅಲ್ಲಿ ಸಿಗಬಹುದಾದ ಲಾಭವೂ ಅಷ್ಟೇ ಸಣ್ಣದು.

"ಫಿಲ್ಟರ್ ಹಾಕಿಸಿದ ಮೇಲೆ ಮಂಗಳೂರಿಗೆ ಹೋಗಿದ್ದೆ, ಗಾಡಿ ಹಾರುತ್ತಿತ್ತು" ಎನ್ನುವವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರಾವಳಿಯಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು ಶೇಕಡಾ 10 ಹೆಚ್ಚು. ಹೋಲಿಸುವುದಿದ್ದರೆ ಅದೇ ರಸ್ತೆ, ಅದೇ ಹೊತ್ತು ಇರಲಿ.

ಹೀಗಾಗಿ ಹೆಚ್ಚಿನವರಿಗೆ ನಾನು ಹೇಳುವುದು ಮೂರನೆಯ ದಾರಿ: ಕಂಪನಿಯ ಡಬ್ಬಿ ಇರಲಿ, ಒಳಗಿನ ಫಿಲ್ಟರ್ ಮಾತ್ರ ಬದಲಿಸಿ, ಅಥವಾ ಕಾಗದದ್ದನ್ನೇ ಹೊತ್ತಿಗೆ ಸರಿಯಾಗಿ ಬದಲಿಸುತ್ತಿರಿ. ಎಣ್ಣೆ ಹಚ್ಚುವ ಹತ್ತಿಬಟ್ಟೆ ಫಿಲ್ಟರ್ ಹಾಕಿದರೆ ತೊಳೆದು ಪೂರ್ತಿ ಒಣಗಿಸಿ, ಹೇಳಿದಷ್ಟೇ ಎಣ್ಣೆ ಹಾಕಬೇಕು. ಹೆಚ್ಚಾದ ಎಣ್ಣೆ ಮಾಫ್ ಸೆನ್ಸರ್ ಮೇಲೆ ಕೂತು ಧೂಳು ಹಿಡಿಸುತ್ತದೆ, ಮತ್ತೆ ಅದೇ ಪಿಕಪ್ ಇಲ್ಲದ ದೂರು.

ಬಂಪರ್ ಹಿಂದೆ, ಚಕ್ರದ ಪಕ್ಕಕ್ಕೆ ಫಿಲ್ಟರ್ ಇಳಿಸುವ ವಿನ್ಯಾಸವನ್ನು, ಬ್ರ್ಯಾಂಡ್ ಇರಲಿ ಕಸ್ಟಮ್ ಇರಲಿ, ದಿನವೂ ಓಡಿಸುವ ಕಾರಿಗೆ ನಾನು ಹಾಕಿಕೊಡುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ನೀರು ಎಷ್ಟು ನಿಂತಿತ್ತು ಎಂಬುದನ್ನು ಎಲ್ಲರೂ ನೋಡಿದ್ದಾರೆ. ಸಿಲಿಂಡರ್‌ಗೆ ನುಗ್ಗಿದ ನೀರನ್ನು ಪಿಸ್ಟನ್ ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ನೀರಲ್ಲಿ ಗಾಡಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿಕೊಂಡು ಬನ್ನಿ. ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ಎಂಜಿನ್ ಅನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲೆಯೇ ಕೀ ತಿರುಗಿಸಬೇಕು.