ಮತ್ತೆ ಮೊದಲಿಂದ ಯಾಕೆ?

ಮಂಗಳವಾರ, 30 ಡಿಸೆಂಬರ್ 2025

ಬೆಳಿಗ್ಗೆಯೇ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ಈ ಸಲ ಹೊಸ ವರ್ಷಕ್ಕೆ ಎಲ್ಲಾ ಹೊಸದಾಗಿ ಶುರು ಮಾಡ್ತೀನಿ, ನೋಡ್ತಿರು" ಎಂದು ಉದ್ದದ ಪಟ್ಟಿ ಓದಿದಳು. ಬೇಗ ಏಳೋದು, ಓಡೋದು, ಹೊಸ ಭಾಷೆ ಕಲಿಯೋದು, ಮೊಬೈಲ್ ಕಮ್ಮಿ ಮಾಡೋದು. "ದಿನಾ ಸಂಜೆ ವಾಕಿಂಗ್ ಹೋಗ್ತಿದ್ದೀಯಲ್ಲ, ಅದೇನಾಯ್ತು?" ಅಂದೆ. "ಅದು ಹಳೇದು, ಬಿಡು. ಇನ್ಮೇಲೆ ಬೆಳಿಗ್ಗೆ ಓಟ!" ಅಂದಳು. ಚೆನ್ನಾಗಿ ನಡೀತಿರೋದನ್ನ ಯಾಕೆ ಬಿಡ್ತಾಳೆ ಇವಳು ಅಂತ ಇಡೀ ದಿನ ತಲೆ ಕೊರೆಯುತ್ತಿತ್ತು.

ಮೊದಲು ತಾರೀಕಿನ ವಿಷಯ. ಜನವರಿ 1ಕ್ಕೆ ತನ್ನದೇ ಆದ ಮಹಿಮೆ ಏನೂ ಇಲ್ಲ. ಹಳೆಯ ರೋಮಿನಲ್ಲಿ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತಿತ್ತು. ಅಲ್ಲಿ ವರ್ಷಕ್ಕೊಮ್ಮೆ ಆರಿಸಿಬರುತ್ತಿದ್ದ ಮುಖ್ಯ ಅಧಿಕಾರಿಗಳಾದ ಕಾನ್ಸಲ್‌ಗಳು ಜನವರಿ 1ರಂದು ಅಧಿಕಾರ ವಹಿಸಿಕೊಳ್ಳುವ ಪದ್ಧತಿ ಬಂದದ್ದು ಕ್ರಿ.ಪೂ. 153ರಲ್ಲಿ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಮಧ್ಯದವರೆಗೂ ಕಾನೂನಿನ ಲೆಕ್ಕದಲ್ಲಿ ಹೊಸ ವರ್ಷ ಅಂದರೆ ಮಾರ್ಚ್ 25. ಅದನ್ನು 1752ರಿಂದ ಜನವರಿ 1ಕ್ಕೆ ತಂದರು. ಹಾಗಾಗಿ ಅವರ 1751ನೇ ವರ್ಷ ಮಾರ್ಚ್‌ನಲ್ಲಿ ಹುಟ್ಟಿ ಡಿಸೆಂಬರ್‌ಗೇ ಮುಗಿದುಹೋಯಿತು. ಸಮೋವಾ ದೇಶದ ಕಥೆ ಇನ್ನೂ ಮಜವಾಗಿದೆ. 2011ರಲ್ಲಿ ಅವರಿಗೆ ಡಿಸೆಂಬರ್ 30 ಬರಲೇ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ಅನುಕೂಲ ಆಗಲಿ ಅಂತ ದಿನಾಂಕ ರೇಖೆಯ, ಅಂದರೆ ಭೂಪಟದಲ್ಲಿ ತಾರೀಕು ಬದಲಾಗುವ ಗೆರೆಯ, ಆಚೆ ಬದಿಗೆ ಹೋದರು. ಗುರುವಾರ ರಾತ್ರಿ ಮಲಗಿದವರು ಶನಿವಾರ ಎದ್ದರು. ಆ ಶುಕ್ರವಾರ ಹುಟ್ಟುಹಬ್ಬ ಇದ್ದವರು ಏನು ಮಾಡಿದರೋ!

ಗೆರೆ ಎಳೆದವರು ನಾವೇ. ಆದರೂ ಅದು ಕೆಲಸ ಮಾಡುತ್ತದೆ, ಅದೇ ಸೋಜಿಗ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಹೆಂಗ್ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ಜಿಮ್‌ಗೆ ಯಾವಾಗ ಹೋಗುತ್ತಾರೆ, ಜನ ಗೂಗಲ್‌ನಲ್ಲಿ ಡಯಟ್ ಬಗ್ಗೆ ಯಾವಾಗ ಹುಡುಕುತ್ತಾರೆ ಅಂತ ನೋಡಿದರು. ವಾರದ ಶುರು, ತಿಂಗಳ ಶುರು, ಸೆಮಿಸ್ಟರ್ ಶುರು ಆದಾಗ ಜಿಮ್‌ಗೆ ಹೋಗೋದು ಜಾಸ್ತಿ. ಹುಟ್ಟುಹಬ್ಬ ಆದಮೇಲೂ ಜಾಸ್ತಿ. 21ನೇ ಹುಟ್ಟುಹಬ್ಬ ಮಾತ್ರ ಹಾಗಲ್ಲ. ಅಮೆರಿಕದಲ್ಲಿ ಕಾನೂನು ಪ್ರಕಾರ ಮದ್ಯ ಕುಡಿಯೋಕೆ ಅವಕಾಶ ಸಿಗೋದು ಆ ವಯಸ್ಸಿಗೇ, ಗೊತ್ತಲ್ಲ!

ಇದಕ್ಕೆ ಅವರು ಕೊಡುವ ಕಾರಣ ನನಗೆ ಸರಿ ಅನ್ನಿಸುತ್ತದೆ. ಗೆರೆಯ ಈಚೆ ನಿಂತವರಿಗೆ, ಆಚೆ ಸೋತು ಬಿಟ್ಟುಬಂದವರು ಬೇರೆ ಯಾರೋ ಅನ್ನಿಸುತ್ತದೆ. ಅವನು ಸೋಮಾರಿ, ನಾನಲ್ಲ. ಅದು ಹೋದ ವರ್ಷದವಳು, ಈ ವರ್ಷದವಳಲ್ಲ. ಸುಮ್ನೆ ಮನಸ್ಸಿನ ಆಟ ಅನ್ನಬಹುದು. ಆದರೆ ಎರಡು ಸಲ ಪರೀಕ್ಷೆಯಲ್ಲಿ ಫೇಲಾದ ಹುಡುಗ ಮೂರನೇ ಸಲ ಪುಸ್ತಕ ತೆಗೆಯಬೇಕಾದರೆ ಈ ಆಟ ಬೇಕೇ ಬೇಕು. ಹಳೆಯ ಸೋಲನ್ನು ಹೊತ್ತುಕೊಂಡು ಯಾರೂ ಜಾಸ್ತಿ ದೂರ ಹೋಗೋದಿಲ್ಲ.

ತಂಗಿಯ ವಿಷಯದಲ್ಲಿ ನನ್ನ ತಕರಾರು ಇರೋದು ಇಲ್ಲೇ. ಅವಳು ಸೋತಿಲ್ಲವಲ್ಲ!

ಇದೇ ಡಾಯ್ 2018ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು, ಅಮೆರಿಕದ ಬೇಸ್‌ಬಾಲ್ ಬಗ್ಗೆ. ಅಲ್ಲಿ ಎರಡು ಲೀಗ್‌ಗಳಿವೆ. ಸೀಸನ್ ಮಧ್ಯದಲ್ಲಿ ಆಟಗಾರ ಅದೇ ಲೀಗ್‌ನ ಬೇರೆ ತಂಡಕ್ಕೆ ಹೋದರೆ ಅವನ ಬ್ಯಾಟಿಂಗ್ ಅಂಕಿ ಅಂಶ ಹಾಗೇ ಮುಂದುವರಿಯುತ್ತದೆ. ಇನ್ನೊಂದು ಲೀಗ್‌ಗೆ ಹೋದರೆ ಲೆಕ್ಕ ಸೊನ್ನೆಯಿಂದ ಶುರು. ಹಾಗೆ ಸೊನ್ನೆಯಿಂದ ಶುರು ಮಾಡಿದವರಲ್ಲಿ, ಮೊದಲು ಚೆನ್ನಾಗಿ ಆಡದಿದ್ದವರ ಆಟ ಸುಧಾರಿಸಿತು. ಮೊದಲೇ ಚೆನ್ನಾಗಿ ಆಡುತ್ತಿದ್ದವರ ಆಟ ಇಳಿಯಿತು. ಹೊಸ ಆರಂಭ ಎಲ್ಲರಿಗೂ ಒಳ್ಳೆಯದು ಅಂತ ನಾವು ಕಣ್ಣು ಮುಚ್ಚಿ ಹೇಳುತ್ತೇವೆ. ನನಗೆ ಹಾಗನ್ನಿಸೋದಿಲ್ಲ. ಅದು ಎಡವಿದವರಿಗೆ ಬೇಕಾದದ್ದು. ನಡೆಯುತ್ತಿರುವವರನ್ನು ನಿಲ್ಲಿಸಿ ಮತ್ತೆ ಹೊರಡಿಸೋದು ಯಾಕೆ? ವಾಕಿಂಗ್ ಬಿಡಬೇಡ, ಅದರ ಮೇಲೆ ಏನು ಬೇಕಾದರೂ ಸೇರಿಸಿಕೋ ಅಂತ ತಂಗಿಗೆ ಮಧ್ಯಾಹ್ನ ಮೆಸೇಜ್ ಹಾಕಿದೆ. ಹೆಬ್ಬೆರಳು ಕಳಿಸಿದ್ದಾಳೆ. ಒಪ್ಪಿದಳೋ, ಬಾಯಿ ಮುಚ್ಚು ಅಂದಳೋ!

ನಿಜವಾದ ಶುರು ಅಂದರೆ ನನಗೆ ನೆನಪಾಗೋದು ದೊಡ್ಡಮ್ಮ. ದೊಡ್ಡಪ್ಪ ಹೋದ ಮೇಲೆ ಎಲ್ಲಿಗೆ ಹೋಗಬೇಕಾದರೂ ಯಾರನ್ನಾದರೂ ಕೇಳಬೇಕಿತ್ತು. ಒಂದು ದಿನ ಸ್ಕೂಟರ್ ಕಲಿಯುತ್ತೇನೆ ಅಂದರು. ಐವತ್ತು ದಾಟಿತ್ತು. ವಯಸ್ಸಾಯಿತು, ಬಿದ್ದರೆ ಏನು ಗತಿ ಅಂತ ಎಲ್ಲರೂ ಹೇಳಿದರು. ಒಂದನೇ ತಾರೀಕಿಂದ ಹೋಗಿ ಅಂತ ನಾನೂ ಅಂದಿದ್ದೆ. "ಒಂದನೇ ತಾರೀಕಿಗೆ ಇನ್ನೂ ಎರಡು ವಾರ ಇದೆ ಕಣೇ. ಅಷ್ಟರಲ್ಲಿ ನನಗೇ ಬೇಡ ಅನ್ನಿಸಿಬಿಡುತ್ತೆ" ಅಂತ ಮಾರನೇ ದಿನವೇ ಹೊರಟರು. ಮೊದಲ ದಿನ ಖಾಲಿ ಮೈದಾನದಲ್ಲಿ ಅವರನ್ನು ನೋಡಬೇಕಿತ್ತು. ಸೆರಗು ಸೊಂಟಕ್ಕೆ ಬಿಗಿದುಕೊಂಡು, ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡೇ ಗಾಡಿ ಸರಿಸುತ್ತಿದ್ದರು. ಆಕ್ಸಿಲರೇಟರ್ ಒಂಚೂರು ತಿರುಗಿಸಿದರೆ ಗಾಡಿ ಮುಂದೆ ಹಾರೋದು, ಹೆದರಿ ಬ್ರೇಕ್ ಹಿಡಿದರೆ ಗಕ್ಕನೆ ನಿಲ್ಲೋದು. ಬೆವರು ಒರೆಸಿಕೊಳ್ಳೋಕೂ ಹ್ಯಾಂಡಲ್‌ನಿಂದ ಕೈ ತೆಗೆಯಲಿಲ್ಲ. ಕಾಲು ಮೇಲೆತ್ತಿ ಪೂರಾ ಒಂದು ಸುತ್ತು ಬರೋಕೆ ವಾರದ ಮೇಲಾಯಿತು. ಹಾಗೆ ಸುತ್ತು ಬಂದವರು ನಿಲ್ಲಿಸೋದು ಹೇಗೆ ಅಂತ ಮರೆತು ಇನ್ನೊಂದು ಸುತ್ತು ಹೊಡೆದರು. ಅಲ್ಲಿ ಆಡುತ್ತಿದ್ದ ಹುಡುಗರೆಲ್ಲ ಚಪ್ಪಾಳೆ!

ಹೊಸತರಲ್ಲಿ ಇರುವ ಈ ಭಯ ಕೆಟ್ಟದ್ದಲ್ಲ ಅನ್ನಿಸುತ್ತದೆ. ಸ್ವೀಡನ್‌ನಲ್ಲಿ 1967ರ ಸೆಪ್ಟೆಂಬರ್ 3ರ ಬೆಳಗಿನ 5 ಗಂಟೆಗೆ ಇಡೀ ದೇಶ ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾಯಿತು. ಅಪಘಾತ ಜಾಸ್ತಿಯಾಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಕಡಿಮೆಯಾಯಿತು! ಎಲ್ಲರೂ ಮೈಯೆಲ್ಲಾ ಕಣ್ಣಾಗಿ ಓಡಿಸುತ್ತಿದ್ದರು. ಆಮೇಲೆ ರೂಢಿಯಾಯಿತು, ಅಪಘಾತದ ಲೆಕ್ಕವೂ ಹಳೆಯ ಮಟ್ಟಕ್ಕೆ ಬಂತು. ಹೊಸತನದ ಎಚ್ಚರ ಎಷ್ಟು ಕಾಲ ಇರುತ್ತದೆ ಹೇಳಿ. ಅದು ಇಳಿಯುವಷ್ಟರಲ್ಲಿ ಕೆಲಸ ಕೈಗೆ ಕೂತಿರಬೇಕು, ಅಷ್ಟೇ.

ಒಂದು ಹೊಸ ಅಭ್ಯಾಸ ಕೈಗೆ ಕೂರೋಕೆ ಎಷ್ಟು ದಿನ ಬೇಕು? 21 ದಿನ ಅಂತ ಎಲ್ಲೆಲ್ಲೂ ಹೇಳುತ್ತಾರೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಯವರು 96 ಜನರನ್ನು ಇಟ್ಟುಕೊಂಡು ನೋಡಿದಾಗ ಸುಮಾರು 66 ದಿನ ಅಂತ ಬಂತು. ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ. ಅದರಲ್ಲಿ ನನಗೆ ಇಷ್ಟವಾದ ಮಾತು ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲವಂತೆ. ಒಂದು ದಿನ ತಪ್ಪಿತು ಅಂತ ಇಡೀ ತಿಂಗಳು ಕೈಬಿಟ್ಟು ಮುಂದಿನ ಒಂದನೇ ತಾರೀಕಿಗೆ ಕಾಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ನನಗೂ ಒಂದು ಶುರು ಇದೆ. ಚಿತ್ರ ಬರೆಯೋದು ಕಲಿಯಬೇಕು ಅಂತ ಬಹಳ ವರ್ಷದ ಆಸೆ. ತರಗತಿ ಶುರುವಾಗೋದು ಮುಂದಿನ ಸೋಮವಾರ, 5ನೇ ತಾರೀಕು. ಪೆನ್ಸಿಲ್ಲು, ಹಾಳೆ ಸಾಕು ಅಂದಿದ್ದಾರೆ ಮೇಷ್ಟ್ರು. ಮೊದಲ ತಿಂಗಳು ರಬ್ಬರ್ ತರಲೇಬಾರದಂತೆ. ಅದೊಂದಕ್ಕೆ ಸ್ವಲ್ಪ ಭಯ ಆಗ್ತಿದೆ.