ಸ್ವರಾಜ್ ದ್ವೀಪದ ನಾಲ್ಕು ಡೈವಿಂಗ್ ಕೇಂದ್ರಗಳು

ಪಿಯುಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಸಿಕೊಂಡು, ಏಪ್ರಿಲ್ ಕೊನೆಯ ವಾರದಲ್ಲಿ ನಾನು, ನನ್ನ ಹೆಂಡತಿ ಮತ್ತು ಆಕೆಯ ತಮ್ಮ ಅಂಡಮಾನಿಗೆ ಹೊರಟೆವು. ಗದಗಿನಿಂದ ಹುಬ್ಬಳ್ಳಿಗೆ ಬಂದು, ರಾತ್ರಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು ಸೇರಿ, ಅಲ್ಲಿಂದ ವಿಮಾನದಲ್ಲಿ ಶ್ರೀ ವಿಜಯಪುರಂ ತಲುಪಿದೆವು. 2024ರ ಸೆಪ್ಟೆಂಬರ್‌ವರೆಗೆ ಪೋರ್ಟ್ ಬ್ಲೇರ್ ಎಂದು ಕರೆಯುತ್ತಿದ್ದ ಊರು ಅದು. ಮರುದಿನ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ ಹೋದೆವು. 2018ರ ಡಿಸೆಂಬರ್‌ನಲ್ಲಿ ಅಧಿಕೃತವಾಗಿ ಹೆಸರು ಬದಲಾಗಿದ್ದರೂ, ಹಡಗುಕಟ್ಟೆಯ ಆಟೋದವರಿಂದ ಹಿಡಿದು ಹೋಟೆಲಿನವರವರೆಗೆ ಎಲ್ಲರ ಬಾಯಲ್ಲಿ ಅದು ಇನ್ನೂ ಹ್ಯಾವ್ಲಾಕ್ ಆಗಿಯೇ ಉಳಿದಿದೆ.

ಹುಬ್ಬಳ್ಳಿಯ ಏಜೆಂಟರ ಮೂಲಕ ಕೊಂಡ ಪ್ಯಾಕೇಜಿನಲ್ಲಿ ಒಂದು ಸ್ಕೂಬಾ ಡೈವ್ ಸೇರಿತ್ತು. ಅದಲ್ಲದೆ ಹೆಂಡತಿಯ ತಮ್ಮನಿಗೆ ಡೈವಿಂಗಿನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮಾಡಿ ಪ್ರಮಾಣಪತ್ರ ಪಡೆಯುವ ಹಂಬಲವಿತ್ತು. ಆ ಕೋರ್ಸಿಗೆ 200 ಮೀಟರ್ ಈಜಬೇಕು, ಆಸರೆಯಿಲ್ಲದೆ 10 ನಿಮಿಷ ತೇಲಬೇಕು ಎಂದು ತಿಳಿದು, ಅವನು ಎರಡು ತಿಂಗಳು ಹುಬ್ಬಳ್ಳಿಯ ಈಜುಕೊಳದಲ್ಲಿ ಅಭ್ಯಾಸ ಮಾಡಿದ್ದ. ಕೋರ್ಸನ್ನು ಎಲ್ಲಿ ಮಾಡುವುದೆಂದು ಮಾತ್ರ ನಾವು ಮೊದಲೇ ನಿರ್ಧರಿಸಿರಲಿಲ್ಲ. ಎಲ್ಲ ಕೇಂದ್ರಗಳ ಫಲಕದ ಮೇಲೂ ಪ್ಯಾಡಿ ಅಥವಾ ಎಸ್‌ಎಸ್‌ಐ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳ ಹೆಸರು ಇರುತ್ತದೆ, ಪಠ್ಯವೂ ಹೆಚ್ಚುಕಡಿಮೆ ಒಂದೇ, ಹಾಗಿರುವಾಗ ಎಲ್ಲಿ ಕಲಿತರೇನು ಎಂದು ನಾನೂ ಭಾವಿಸಿದ್ದೆ.

ಪ್ಯಾಕೇಜಿನ ಡೈವ್ ಮರುದಿನ ಬೆಳಿಗ್ಗೆ ಆರು ಗಂಟೆಗಿತ್ತು. ಈ ದ್ವೀಪ ಗದಗಿಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮಲ್ಲಿಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆ ಇಲ್ಲಿ ಬೆಳಕು ಹರಿಯುತ್ತದೆ, ಆದರೆ ಗಡಿಯಾರ ಎರಡೂ ಕಡೆ ಒಂದೇ. ಹಾಗಾಗಿ ಡೈವಿಂಗ್ ಕೇಂದ್ರಗಳ ದಿನ ಬಹಳ ಬೇಗ ಆರಂಭವಾಗಿ, ಸಂಜೆ ಐದೂವರೆಗೆಲ್ಲ ಕತ್ತಲಾಗುವ ಹೊತ್ತಿಗೆ ಮುಗಿದುಹೋಗುತ್ತದೆ. ನಾವು ಹೋದಾಗ ಆ ಮೊದಲ ಕೇಂದ್ರದ ಅಂಗಳದಲ್ಲಿ ಆಗಲೇ ಇಪ್ಪತ್ತಕ್ಕೂ ಹೆಚ್ಚು ಜನ ಸೇರಿದ್ದರು. ಎಲ್ಲರ ಕೈಗೂ ಒಂದೊಂದು ಆರೋಗ್ಯದ ಪ್ರಶ್ನಾವಳಿ ಕೊಟ್ಟರು. ನನ್ನ ಹೆಂಡತಿಗೆ ಚಿಕ್ಕಂದಿನಿಂದ ಉಬ್ಬಸವಿದೆ. ಈಗ ಬಹಳ ಕಡಿಮೆಯಾಗಿದ್ದರೂ ಮೆಣಸಿನಕಾಯಿ ಸುಗ್ಗಿಯ ಕಾಲದಲ್ಲಿ ಘಾಟು ಏರಿತೆಂದರೆ ಇನ್‌ಹೇಲರ್ ಬೇಕಾಗುತ್ತದೆ. ಆ ಪ್ರಶ್ನೆಯ ಮುಂದೆ ಆಕೆಯ ಪೆನ್ನು ನಿಂತಿತು. ಮೇಜಿನ ಹಿಂದಿದ್ದ ಹುಡುಗ ಅದನ್ನು ನೋಡಿ, ಎಲ್ಲದಕ್ಕೂ ಇಲ್ಲ ಎಂದು ಬರೆಯಿರಿ, ಹೌದು ಎಂದರೆ ವೈದ್ಯರ ಪತ್ರ ತರಬೇಕಾಗುತ್ತದೆ, ನಿಮ್ಮ ದಿನ ಹಾಳಾಗುತ್ತದೆ ಎಂದ. ಆಕೆ ನನ್ನ ಮುಖ ನೋಡಿದಳು. ನಾನು ಏನನ್ನೂ ಹೇಳಲಿಲ್ಲ. ಆಕೆ ಇಲ್ಲ ಎಂದು ಬರೆದಳು. ಆ ಕ್ಷಣದ ನನ್ನ ಮೌನವನ್ನು ನೆನೆದರೆ ಇಂದಿಗೂ ಎದೆ ಅಳುಕುತ್ತದೆ.

ಸೂಚನೆಗಳನ್ನು ಐದಾರು ನಿಮಿಷಗಳಲ್ಲಿ ಮುಗಿಸಿದರು. ಸೊಂಟದೆತ್ತರದ ನೀರಿನಲ್ಲಿ ನಿಂತು ಬಾಯಿಂದ ಉಸಿರಾಡಲು ಒಂದೆರಡು ಸಲ ಹೇಳಿ, ನನ್ನನ್ನೂ ಹೆಂಡತಿಯನ್ನೂ ಸೇರಿಸಿ ಒಬ್ಬನೇ ತರಬೇತುದಾರನಿಗೆ ಒಪ್ಪಿಸಿದರು. ನನ್ನ ಒತ್ತಡ ಮಾಪಕದ ಮುಳ್ಳು ಪ್ರತಿ ಉಸಿರಿಗೂ ಕೆಳಗಿಳಿದು ಮತ್ತೆ ಮೇಲೇರುತ್ತಿತ್ತು. ಸಿಲಿಂಡರಿನ ಕವಾಟ ಪೂರ್ತಿ ತೆರೆಯದಿದ್ದಾಗ ಹಾಗಾಗುತ್ತದೆ ಎಂದು ಊಹಿಸಿ ಬೆರಳು ತೋರಿಸಿದೆ; ಅವನು ಕೈ ಹಿಂದೆ ಹಾಕಿ ಕವಾಟ ತಿರುಗಿಸಿದ. ಗಮನಿಸದೆ ಇಳಿದಿದ್ದರೆ, ಆಳ ಹೆಚ್ಚಿದಂತೆ ಪ್ರತಿ ಉಸಿರಿಗೂ ಹೆಚ್ಚು ಗಾಳಿ ಬೇಕಾಗುವುದರಿಂದ, ಕೆಳಗೆ ಉಸಿರು ಬಿಗಿಯುತ್ತಿತ್ತು. ಮುಂದೆ ಅವನು ನಮ್ಮಿಬ್ಬರ ಸಿಲಿಂಡರುಗಳನ್ನು ಹಿಂದಿನಿಂದ ಹಿಡಿದು ಕೆಳಕ್ಕೆ ಒಯ್ದ. ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಸಮಯವಿರಲಿಲ್ಲ. ಕೈ ಅಲ್ಲಾಡಿಸಿ ನೋವನ್ನು ತಿಳಿಸಿದರೂ ಇಳಿಯುವುದು ನಿಲ್ಲಲಿಲ್ಲ. ಸುಮಾರು 5 ಮೀಟರ್ ಆಳದಲ್ಲಿ ಹೆಂಡತಿಯ ಮಾಸ್ಕಿನೊಳಗೆ ನೀರು ತುಂಬಿತು. ಅದನ್ನು ಹೊರಹಾಕುವ ಬಗೆಯನ್ನು ಯಾರೂ ಕಲಿಸಿರಲಿಲ್ಲ. ಗಾಬರಿಯಲ್ಲಿ ಆಕೆ ಮೇಲಕ್ಕೆ ಒದೆಯತೊಡಗಿದಾಗ ಅವನು ಆಕೆಯ ಜೊತೆ ಮೇಲೇರಿದ. ಅಷ್ಟು ಹೊತ್ತು ನಾನು ತಳದಲ್ಲಿ ಒಬ್ಬನೇ ಇದ್ದೆ. ನಮಗೆ ಯಾವ ಅಪಾಯವೂ ಆಗಲಿಲ್ಲ. ಆ ತರಬೇತುದಾರ ಫೋಟೋ ತೆಗೆಯಲು ಹವಳದ ಮೇಲೆಯೇ ಮೊಣಕಾಲೂರಿದ್ದುದನ್ನು ಮಾತ್ರ ಇಲ್ಲಿ ಸೇರಿಸಬೇಕು. ಹವಳವೆಂದರೆ ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳ ವಸಾಹತು. 2010ರಲ್ಲಿ ಸಮುದ್ರದ ನೀರು ಕಾದಾಗ ಅಂಡಮಾನಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡಿದ್ದವು. ಅಂಥ ಪೆಟ್ಟು ತಿಂದು ಉಳಿದಿರುವುದರ ಮೇಲೆ ಮನುಷ್ಯನ ಮೊಣಕಾಲಿನ ಭಾರವನ್ನೂ ಹೇರುವುದು ನೋಡಲಾಗದ ಸಂಗತಿ.

ಆ ದಿನ ಮಧ್ಯಾಹ್ನದಿಂದ ಮರುದಿನ ಸಂಜೆಯವರೆಗೆ ನಾವು ನೀರಿಗಿಳಿಯಲಿಲ್ಲ. ಗೋವಿಂದನಗರದಿಂದ ವಿಜಯನಗರದವರೆಗೆ, ಅಂದರೆ ಸ್ಥಳೀಯರು ಮೂರನೆಯ ಮತ್ತು ಐದನೆಯ ನಂಬರಿನ ಬೀಚು ಎನ್ನುವ ಪೂರ್ವದಂಡೆಯುದ್ದಕ್ಕೂ ಡೈವಿಂಗ್ ಕೇಂದ್ರಗಳಿವೆ. ನಾವು ಬಾಡಿಗೆ ಸ್ಕೂಟರಿನಲ್ಲಿ ಹೋಗಿ ಅವುಗಳಲ್ಲಿ ಮೂರನ್ನು ನಿಧಾನವಾಗಿ ನೋಡಿದೆವು. ಯಾವ ಕೇಂದ್ರದ ಹೆಸರನ್ನೂ ನಾನು ಬರೆಯುತ್ತಿಲ್ಲ, ಏಕೆಂದರೆ ತರಬೇತುದಾರರು ಒಂದು ಋತುವಿನಿಂದ ಇನ್ನೊಂದಕ್ಕೆ ಕೇಂದ್ರ ಬದಲಿಸುತ್ತಿರುತ್ತಾರೆ. ಇವತ್ತಿನ ಒಳ್ಳೆಯ ಹೆಸರು ಮುಂದಿನ ವರ್ಷದ ಪ್ರವಾಸಿಗನನ್ನು ದಾರಿ ತಪ್ಪಿಸಬಹುದು.

ಅವುಗಳಲ್ಲಿ ಅತ್ಯಂತ ಅಗ್ಗದ್ದನ್ನು ತಳ್ಳಿಹಾಕಲು ಹತ್ತು ನಿಮಿಷ ಸಾಕಾಯಿತು. ಅಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರಿನ ಹೀರುನಳಿಗೆ ಡೀಸೆಲ್ ಜನರೇಟರಿನ ಹೊಗೆಕೊಳವೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಜನರೇಟರ್ ಓಡುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಸಿಲಿಂಡರಿನೊಳಗೆ ಸೇರಿದರೆ ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಆಳದ ಒತ್ತಡದಲ್ಲಿ ಅದರ ವಿಷ ಮತ್ತಷ್ಟು ತೀವ್ರವಾಗುತ್ತದೆ. ಡೈವಿಂಗ್ ಕೇಂದ್ರಕ್ಕೆ ಹೋದವರು ಸ್ವಾಗತದ ಮೇಜನ್ನು ಬಿಟ್ಟು ಹಿತ್ತಲಿಗೆ ಹೋಗಿ ಕಂಪ್ರೆಸರನ್ನು ನೋಡಲು ಕೇಳಬೇಕು. ಒಳ್ಳೆಯ ಕೇಂದ್ರದವರು ಸಂತೋಷದಿಂದ ತೋರಿಸುತ್ತಾರೆ.

ದೊಡ್ಡ ಕೇಂದ್ರದ ವಿಷಯದಲ್ಲಿ ನಿರ್ಧಾರ ಅಷ್ಟು ಸುಲಭವಾಗಿರಲಿಲ್ಲ. ಸಲಕರಣೆಗಳೆಲ್ಲ ಹೊಸವು, ದೋಣಿಗಳು ದೊಡ್ಡವು, ದೋಣಿಯಲ್ಲಿ ಆಮ್ಲಜನಕದ ಪೆಟ್ಟಿಗೆ ಇತ್ತು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರುಗಳನ್ನು ತೊಳೆದು ನೆರಳಿನಲ್ಲಿ ಸಾಲಾಗಿ ತೂಗುಹಾಕಿದ್ದರು. ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಬಂತು. ಆದರೆ ಕೋರ್ಸಿನ ತಂಡದಲ್ಲಿ ಒಬ್ಬ ತರಬೇತುದಾರನಿಗೆ ಎಂಟು ವಿದ್ಯಾರ್ಥಿಗಳು ಎಂದರು. ಅದು ನಿಯಮದ ಮಿತಿಯೊಳಗೇ ಇದೆ. ಆದರೂ ಮಿತಿಯನ್ನು ಪೂರ್ತಿ ತುಂಬಿಸಿಕೊಂಡು ಕಲಿಸುವುದು ಹೇಗಿರುತ್ತದೆಂದು ತುಂಬಿದ ತರಗತಿಗಳಲ್ಲಿ ಪಾಠ ಮಾಡುವ ನನಗೆ ಗೊತ್ತಿದೆ. ಹಿಂದಿನ ಬೆಂಚಿನವನಿಗೆ ತಿಳಿಯದಿದ್ದರೆ ತರಗತಿಯಲ್ಲಿ ಅಂಕ ಹೋಗುತ್ತದೆ, ನೀರಿನಲ್ಲಿ ಹೋಗುವುದು ಅಂಕವಲ್ಲ. ಜೊತೆಗೆ, ಕೋರ್ಸ್ ಮುಗಿದ ಮರುದಿನವೇ ಜಾನೀಸ್ ಗಾರ್ಜ್ ಎಂಬ ತಾಣಕ್ಕೆ ಕರೆದೊಯ್ಯುವುದಾಗಿ ಹೆಂಡತಿಯ ತಮ್ಮನಿಗೆ ಆಸೆ ಹುಟ್ಟಿಸಿದರು. ಅದು ಸುಮಾರು 30 ಮೀಟರ್ ಆಳದ ತಾಣ. ಓಪನ್ ವಾಟರ್ ಪ್ರಮಾಣಪತ್ರ ಇರುವುದು 18 ಮೀಟರ್‌ಗೆ. ಅವನಿಗೆ ಅಲ್ಲಿಯೇ ಕಲಿಯುವ ಮನಸ್ಸಿತ್ತು, ನಾನು ಒಪ್ಪಲಿಲ್ಲ; ಆ ಸಂಜೆ ನಮ್ಮಿಬ್ಬರ ನಡುವೆ ಮಾತು ಸ್ವಲ್ಪ ಬಿಸಿಯಾಯಿತು.

ನಾಲ್ಕನೆಯದು ತೆಂಗಿನ ತೋಟದೊಳಗಿನ ತಗಡಿನ ಛಾವಣಿಯ ಶೆಡ್. ಅಲ್ಲಿದ್ದ ತರಬೇತುದಾರರಲ್ಲಿ ಒಬ್ಬ ನಮ್ಮ ಉತ್ತರ ಕನ್ನಡದ ಕರಾವಳಿಯವನು, ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕೆಲಸ ಮಾಡಿ ಬಂದವನು. ನಾವು ದರ ಕೇಳಿದೆವು. ಅವನು ದರವನ್ನು ಹೇಳದೆ, ನಿಮ್ಮ ವಿಮಾನ ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿದ. ಒಂದಕ್ಕಿಂತ ಹೆಚ್ಚು ಸಲ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು. ದೇಹದಲ್ಲಿ ಕರಗಿದ ಸಾರಜನಕ ವಿಮಾನದೊಳಗಿನ ಕಡಿಮೆ ಒತ್ತಡದಲ್ಲಿ ಗುಳ್ಳೆಗಳಾಗಿ ಹೊರಬರಬಹುದು. ಕೊನೆಯ ಡೈವಿನ ಹೊತ್ತನ್ನು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಅವನು ಇಡೀ ಕೋರ್ಸಿನ ವೇಳಾಪಟ್ಟಿಯನ್ನು ಹಾಳೆಯ ಮೇಲೆ ಬರೆದ. ಅನಂತರ ಆರೋಗ್ಯದ ಪ್ರಶ್ನಾವಳಿಯನ್ನು ಒಂದೊಂದಾಗಿ ತಾನೇ ಓದಿ, ಕನ್ನಡದಲ್ಲಿ ವಿವರಿಸಿ, ಉತ್ತರ ಕೇಳಿದ. ಈ ಸಲ ಹೆಂಡತಿ ನಿಜ ಹೇಳಿದಳು. ಅವನು ಪೆನ್ನು ಕೆಳಗಿಟ್ಟು, ವೈದ್ಯರು ಶ್ವಾಸಕೋಶದ ಪರೀಕ್ಷೆ ಮಾಡಿ ಬರೆದುಕೊಡದೆ ನಿಮ್ಮನ್ನು ಇಳಿಸಲಾರೆ ಎಂದ.

"ನಿನ್ನೆ ಇಳಿದಿದ್ನಲ್ಲ, ಏನೂ ಆಗ್ಲಿಲ್ಲ" ಎಂದಳು ಆಕೆ, ಕಣ್ಣು ತುಂಬಿಕೊಂಡು. ಅವನು ತಾಳ್ಮೆಯಿಂದ ಹೇಳಿದ ವಿವರಣೆ ನನಗೆ ಹೊಸದೇನೂ ಆಗಿರಬೇಕಾಗಿರಲಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿ 1 ಲೀಟರ್ ಇದ್ದ ಗಾಳಿ ಮೇಲೆ ಬರುವಷ್ಟರಲ್ಲಿ 2 ಲೀಟರ್ ಆಗುತ್ತದೆ. ಉಬ್ಬಸದಿಂದ ಕಿರಿದಾದ ಶ್ವಾಸನಾಳದ ಹಿಂದೆ ಗಾಳಿ ಸಿಕ್ಕಿಕೊಂಡರೆ, ಮೇಲೇರುವಾಗ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಪ್ರಮಾಣದ ದೃಷ್ಟಿಯಿಂದ ಅತಿ ದೊಡ್ಡ ಬದಲಾವಣೆ ಆಗುವುದು ಮೇಲಿನ ಕೆಲವೇ ಮೀಟರ್‌ಗಳಲ್ಲಿ, ಆದ್ದರಿಂದ ಬರೀ 5 ಮೀಟರ್ ಎನ್ನುವ ಸಮಾಧಾನಕ್ಕೆ ಆಧಾರವೇ ಇಲ್ಲ. ಬಾಯ್ಲನ ನಿಯಮವನ್ನು ಹತ್ತೊಂಬತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ನಾನು, ಅದು ನನ್ನ ಹೆಂಡತಿಯ ಎದೆಗೂಡಿಗೂ ಅನ್ವಯಿಸುತ್ತದೆ ಎಂಬುದನ್ನು ಆ ಶೆಡ್ಡಿನಲ್ಲಿ ಕುಳಿತು ಅರಿತುಕೊಂಡೆ. ಅವರಿಗೆ ಒಂದು ಡೈವಿನ ಹಣ ಹೋಯಿತು. ಆ ಹಣ ಬಿಟ್ಟುಕೊಟ್ಟ ರೀತಿಯಿಂದಲೇ ಕೋರ್ಸ್ ಅಲ್ಲಿಯೇ ಎಂದು ಮೂವರೂ ತೀರ್ಮಾನಿಸಿದೆವು. ಅಲ್ಲಿಯವರೆಗೆ ಮುನಿಸಿಕೊಂಡಿದ್ದ ತಮ್ಮನೂ ಮರುಮಾತಾಡಲಿಲ್ಲ.

ಅವನ ಜೊತೆ ನಾನೂ ಸೇರಿಕೊಂಡೆ. ಒಬ್ಬ ತರಬೇತುದಾರನಿಗೆ ನಾವಿಬ್ಬರೇ. ನೆಮೋ ರೀಫಿನ ಬಳಿಯ ಎದೆಮಟ್ಟದ ನೀರಿನಲ್ಲಿ ಇಡೀ ಒಂದು ದಿನ ಕಳೆದೆವು. ಮಾಸ್ಕಿಗೆ ಬೇಕೆಂದೇ ನೀರು ತುಂಬಿಸಿ ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ತೋಳು ಬೀಸಿ ಹುಡುಕಿ ಹಿಡಿಯುವುದು, ಗಾಳಿ ಮುಗಿದವನಿಗೆ ತನ್ನ ಎರಡನೆಯ ರೆಗ್ಯುಲೇಟರ್ ಕೊಡುವುದು, ಇವನ್ನು ಕೈ ತಾನಾಗಿ ಮಾಡುವವರೆಗೆ ಮಾಡಿಸಿದ. ನಾನು ಎಲ್ಲ ಚೆನ್ನಾಗಿದೆ ಎನ್ನಲು ಹೆಬ್ಬೆರಳು ಎತ್ತಿದಾಗಲೆಲ್ಲ ಅವನು ನನ್ನನ್ನು ನೀರಿನ ಮೇಲಕ್ಕೆ ಕರೆತರುತ್ತಿದ್ದ, ಏಕೆಂದರೆ ನೀರಿನೊಳಗೆ ಆ ಸನ್ನೆಗೆ ಮೇಲೆ ಹೋಗೋಣ ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ನಾಲ್ಕನೆಯ ಸಲಕ್ಕೆ ಕಲಿತೆ. ಚಿಕ್ಕವನಿದ್ದಾಗ ನಮ್ಮ ಹೊಲದ ಬಾವಿಯಲ್ಲಿ ದೊಡ್ಡಪ್ಪ ಈಜು ಕಲಿಸಿದ್ದು ನನಗೆ ಆ ದಿನವೆಲ್ಲ ನೆನಪಾಗುತ್ತಿತ್ತು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಬಾವಿಯ ಮೆಟ್ಟಿಲ ಮೇಲೆ ಕೂರಿಸಿ, ಎರಡು ದಿನ ಬರೀ ಕಾಲು ಬಡಿಸಿದ್ದರು. ಮೂರನೆಯ ದಿನವೇ ನೀರಿನ ನಡುವಿಗೆ ಬಿಟ್ಟದ್ದು.

ಮುಂದಿನ ಎರಡು ದಿನಗಳಲ್ಲಿ ಕೋರ್ಸಿಗೆ ಬೇಕಾದ ನಾಲ್ಕು ಡೈವ್‌ಗಳನ್ನು ದೋಣಿಯಿಂದ ಮಾಡಿದೆವು. ಹೊರಡುವ ಮೊದಲು ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್ ಇದೆಯೇ ಎಂದು ನಾವೇ ನೋಡಬೇಕಿತ್ತು, ಪರಸ್ಪರರ ಕೊಂಡಿಗಳನ್ನು ನಾವೇ ಎಳೆದು ಪರೀಕ್ಷಿಸಬೇಕಿತ್ತು. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕಿತ್ತು. ಲೈಟ್‌ಹೌಸ್ ಎಂಬ ತಾಣದಲ್ಲಿ, ಕಿವಿಯ ಒತ್ತಡ ಇಳಿಯುವವರೆಗೆ ಅವನು ಹಗ್ಗ ಹಿಡಿದು ನನ್ನ ಪಕ್ಕದಲ್ಲಿ ತೂಗುತ್ತಲೇ ಇದ್ದ. ಆತುರದ ಸನ್ನೆ ಒಂದನ್ನೂ ಮಾಡಲಿಲ್ಲ. 14 ಮೀಟರ್ ಆಳದಲ್ಲಿ, ಸಮುದ್ರಹೂವಿನ ಎಸಳುಗಳ ನಡುವೆ ಕಿತ್ತಳೆ ಬಣ್ಣದ ಕೋಡಂಗಿ ಮೀನು ತನ್ನ ಮನೆ ಕಾಯುತ್ತಿರುವುದನ್ನು ನಾವು ಒಂದು ಮಾರು ದೂರದಿಂದ, ಏನನ್ನೂ ಮುಟ್ಟದೆ, ಬಹಳ ಹೊತ್ತು ನೋಡಿದೆವು. ಮೊದಲ ದಿನ ನಾನು ಯಾವ ಮೀನನ್ನೂ ಸರಿಯಾಗಿ ನೋಡಿರಲಿಲ್ಲ. ಮೇಲೆ ಬರುವ ಮುನ್ನ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತಿದ್ದಾಗ, ನೀರಿನ ಮೇಲ್ಮೈಯಲ್ಲಿ ಸ್ನಾರ್ಕೆಲ್ ಕೊಳವೆ ಹಾಕಿಕೊಂಡು ಮುಖ ಕೆಳಗೆ ಮಾಡಿ ತೇಲುತ್ತಿದ್ದ ಹೆಂಡತಿ ಕಾಣಿಸಿದಳು. ನಮ್ಮ ಗುಳ್ಳೆಗಳು ಆಕೆಯ ಸುತ್ತ ಒಡೆಯುತ್ತಿದ್ದವು. ಆಕೆ ಹೆಬ್ಬೆರಳು ಎತ್ತಿದಳು. ನಾನು ಉಂಗುರ ಮಾಡಿ ತೋರಿಸಿದೆ.

ಹಣದ ಲೆಕ್ಕದಲ್ಲಿ ಈ ಕೇಂದ್ರ ದೊಡ್ಡ ಕೇಂದ್ರಕ್ಕಿಂತ ತಲೆಗೆ ಎರಡು ಸಾವಿರ ರೂಪಾಯಿ ಹೆಚ್ಚಾಯಿತು. ಇಡೀ ಪ್ರವಾಸದಲ್ಲಿ ಇಷ್ಟು ಸಂತೋಷದಿಂದ ಕೊಟ್ಟ ಹಣ ಬೇರೆಯಿಲ್ಲ.

ಊರಿಗೆ ಮರಳಿದ ಮೇಲೆ ಹುಬ್ಬಳ್ಳಿಯಲ್ಲಿ ಶ್ವಾಸಕೋಶದ ತಜ್ಞರೊಬ್ಬರು ಹೆಂಡತಿಗೆ ಕೊಳವೆಯಲ್ಲಿ ಊದಿಸಿ ಪರೀಕ್ಷೆ ಮಾಡಿದರು; ನಡೆಸಿ, ದಣಿಸಿ, ಮತ್ತೊಮ್ಮೆ ಊದಿಸಿದರು. ಫಲಿತಾಂಶ ಚೆನ್ನಾಗಿಯೇ ಇದೆ, ಆದರೂ ಒಂದು ಮೆಣಸಿನಕಾಯಿ ಸುಗ್ಗಿ ಇನ್‌ಹೇಲರ್ ಇಲ್ಲದೆ ಕಳೆಯಲಿ, ಆಮೇಲೆ ಇನ್ನೊಮ್ಮೆ ನೋಡಿ ಬರೆದುಕೊಡುತ್ತೇನೆ ಎಂದಿದ್ದಾರೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಗೆ ಮಳೆಗಾಲ ಮುಗಿದ ಮೇಲೆ ಮೇ ತಿಂಗಳವರೆಗೂ ಡೈವಿಂಗ್ ಇರುತ್ತದೆ, ಹಾಗಾಗಿ ಸುಗ್ಗಿ ಮುಗಿದರೂ ನಮಗೆ ಸಮಯ ಉಳಿಯುತ್ತದೆ. ಆಕೆ ಈಗ ದಿನವೂ ಬೆಳಿಗ್ಗೆ ಈಜಲು ಹೋಗುತ್ತಾಳೆ.