ಅಯುತ್ಥಯಾದಲ್ಲೊಂದು ಜಪಾನಿ ಊರು

ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಹಳೇ ರಾಜಧಾನಿ ಅಯುತ್ಥಯಾಕ್ಕೆ ಹೋದವರೆಲ್ಲ ಮರದ ಬೇರುಗಳಲ್ಲಿ ಸಿಕ್ಕಿಕೊಂಡ ಬುದ್ಧನ ತಲೆ ನೋಡಿ ಬರುತ್ತಾರೆ. ನಾವೂ ನೋಡಿದೆವು. ಊಟ ಮುಗಿಸಿ, ಆ ಊರಿನ ಕಪ್ಪೆಮೂತಿಯ ಟುಕ್‌ಟುಕ್ ಹತ್ತಿ "ಬಾನ್ ಯೀಪುನ್" ಅಂದೆ. ಹಳೇ ಪಟ್ಟಣದ ದಕ್ಷಿಣಕ್ಕೆ, ಚಾವೊ ಫ್ರಾಯಾ ನದಿಯ ಪೂರ್ವ ದಂಡೆಯಲ್ಲಿದೆ ಜಪಾನೀಯರ ಕೇರಿ.

ಒಳಗೆ ಹೋದರೆ ಅಚ್ಚುಕಟ್ಟಾದ ತೋಟ, ಸ್ಮಾರಕದ ಕಲ್ಲು, ಒಂದು ವಸ್ತುಸಂಗ್ರಹಾಲಯ.

"ಅಪ್ಪಾ, ಊರೆಲ್ಲಿ?" ಅಂದಳು ಮಗಳು.

ಕೇಳಬೇಕಾದ ಪ್ರಶ್ನೆಯೇ. ನಾಲ್ಕು ಶತಮಾನಗಳ ಹಿಂದೆ ಇಲ್ಲಿ ಸಾವಿರಕ್ಕೂ ಹೆಚ್ಚು ಜಪಾನೀಯರಿದ್ದರೆಂದು ಅಂದಾಜು. ಅವರ ಮನೆಯ ಒಂದು ಗೋಡೆಯೂ ಕಣ್ಣಿಗೆ ಬೀಳುವುದಿಲ್ಲ. ಜಪಾನನ್ನು ಆಳುತ್ತಿದ್ದ ಶೋಗನ್‌ನ ಕೆಂಪು ಮೊಹರಿನ ಪರವಾನಗಿ ಹಿಡಿದು ಬಂದ ವ್ಯಾಪಾರಿಗಳು, 1600ರ ಸೆಕಿಗಹಾರಾ ಯುದ್ಧದಲ್ಲಿ ಒಡೆಯರನ್ನು ಕಳೆದುಕೊಂಡ ಸಮುರಾಯ್‌ಗಳು, ಕ್ರೈಸ್ತರಾದ ತಪ್ಪಿಗೆ ದೇಶ ಬಿಟ್ಟವರು, ಎಲ್ಲರೂ ಇಲ್ಲಿ ನೆರೆದಿದ್ದರು. ಜಪಾನಿನಿಂದ ಬೆಳ್ಳಿ ಬರುತ್ತಿತ್ತು. ಇಲ್ಲಿಂದ ಜಿಂಕೆಯ ಚರ್ಮ, ಬಣ್ಣಕ್ಕೆ ಸಪ್ಪಂಗದ ಮರ, ಕತ್ತಿಯ ಹಿಡಿಗೆ ಸುತ್ತಲು ತೊರಕೆ ಮೀನಿನ ಚರ್ಮ ಹೋಗುತ್ತಿದ್ದವು.

ಇಲ್ಲಿನ ನಾಯಕ ಯಮಾದಾ ನಾಗಮಸಾ. ರಾಜ ಸೊಂಗ್‌ಥಮ್‌ನ ಜಪಾನಿ ಪಡೆಯ ಮುಖ್ಯಸ್ಥನಾಗಿದ್ದವನು. ರಾಜ ಸತ್ತ ಮೇಲೆ ಪಟ್ಟದ ಜಗಳದಲ್ಲಿ ಸಿಕ್ಕಿ, ದೂರದ ಲಿಗೋರ್‌ಗೆ ಅಧಿಪತಿಯಾಗಿ ಹೋಗಿ 1630ರಲ್ಲಿ ಸತ್ತ. ವಿಷ ಹಾಕಿದರಂತೆ. ಅದೇ ವರ್ಷ ಹೊಸ ರಾಜನ ಕಡೆಯವರು ಈ ಕೇರಿಗೆ ಬೆಂಕಿ ಇಟ್ಟರು. ಕತ್ತಿ ಹಿಡಿದವರ ಕಥೆಗಳೆಲ್ಲ ಹೆಚ್ಚುಕಮ್ಮಿ ಹೀಗೇ ಮುಗಿಯುತ್ತವೆ; ನನಗೆ ಅದರಲ್ಲಿ ಅಷ್ಟು ಆಸಕ್ತಿ ಹುಟ್ಟಲಿಲ್ಲ.

ಹಿಡಿದು ನಿಲ್ಲಿಸಿದ್ದು 1635. ಆ ವರ್ಷ ಜಪಾನಿನ ಸರ್ಕಾರ ತನ್ನ ಜನ ಹೊರದೇಶಕ್ಕೆ ಹೋಗಕೂಡದು, ಹೋದವರು ಮರಳಿದರೆ ಮರಣದಂಡನೆ ಎಂದು ಆಜ್ಞೆ ಹೊರಡಿಸಿತು. ಸುಟ್ಟ ಕೇರಿಗೆ ಮತ್ತೆ ಬಂದು ನೆಲೆಸಿದವರಿಗೆ ಇನ್ನು ಊರೆಂದರೆ ಇದೊಂದೇ. ಅವರು ಡಚ್ಚರಿಗೆ ಜಿಂಕೆ ಚರ್ಮ ಕೂಡಿಸಿಕೊಟ್ಟರು, ಇಲ್ಲಿಯವರನ್ನೇ ಮದುವೆಯಾದರು, ಒಂದೆರಡು ತಲೆಮಾರಿನಲ್ಲಿ ಸಯಾಮಿನವರೇ ಆಗಿಹೋದರು.

ಹಾಗೆ ಬೆರೆತ ಮನೆತನದ ಮಗಳು ಮರಿಯಾ ಗುಯೊಮಾರ್. ಜಪಾನಿ, ಪೋರ್ಚುಗೀಸ್, ಬಂಗಾಳಿ ಮೂಲಗಳೆಲ್ಲ ಸೇರಿದವಳು. ಗಂಡ ಫಾಲ್ಕನ್ ಅರಸನ ಬಲಗೈಯಾಗಿದ್ದ. 1688ರಲ್ಲಿ ಅವನ ತಲೆ ಕಡಿದರು. ಸೆರೆ ಕಂಡ ಮರಿಯಾ ಮುಂದೆ ಅರಮನೆಯ ಅಡುಗೆಮನೆ ಸೇರಿದಳು. ಮೊಟ್ಟೆಯ ಹಳದಿಯಿಂದ ಮಾಡುವ ಫೋಯ್ ಥೋಂಗ್ ಎಂಬ ಸಿಹಿ ಅವಳದೇ ಕೊಡುಗೆ ಎಂದು ಥಾಯ್ ಜನ ನಂಬುತ್ತಾರೆ.

ಸಂಜೆ ಪೇಟೆಯಲ್ಲಿ ಅದನ್ನು ಮಾಡುವುದನ್ನು ನೋಡಿದೆವು. ಹಿತ್ತಾಳೆ ಬಾಣಲೆಯಲ್ಲಿ ಸಕ್ಕರೆ ಪಾಕ ಕುದಿಯುತ್ತಿತ್ತು. ತುದಿಯಲ್ಲಿ ಸಣ್ಣ ತೂತಿದ್ದ ಲಾಳಿಕೆಗೆ ಹಳದಿ ಸುರಿದು, ಆ ಹೆಂಗಸು ಕೈಯನ್ನು ಸುತ್ತ ತಿರುಗಿಸುತ್ತಾ ಹೋದಂತೆ ಶಾವಿಗೆಯಂಥ ಎಳೆಗಳು ಪಾಕದ ಮೇಲೆ ತೇಲಿದವು. ಕಡ್ಡಿಯಿಂದ ಎತ್ತಿ, ಮಡಿಸಿ, ತಟ್ಟೆಗಿಟ್ಟಳು. ನನ್ನ ಹೆಂಡತಿಗೆ ಮೊಟ್ಟೆಯ ವಾಸನೆ ಹಿಡಿಸಲಿಲ್ಲ. ನನಗೆ ಸಿಹಿ ಜಾಸ್ತಿಯಾಯಿತು. ಮಗಳು ಮಾತ್ರ ಬೆರಳು ಚೀಪಿ, ಬ್ಯಾಂಕಾಕಿನಲ್ಲೂ ಇದು ಸಿಗುತ್ತದಾ ಎಂದು ಕೇಳಿದಳು.